ಚಳಿಗಾಲದಲ್ಲಿ ಹೂತೋಟ: ಮಲಗಿಸಬೇಕಾ, ದುಡಿಸಬೇಕಾ?

ತೇವದ ಮಣ್ಣು

ಎಲ್ಲರಿಗೂ ನಮಸ್ಕಾರ. ನಮ್ಮದು ಅರ್ಧ ಎಕರೆ ಹೂವಿನ ತೋಟ. ಕೂಲಿಗೆ ಯಾರೂ ಇಲ್ಲ. ನಾನು, ನಮ್ಮ ಯಜಮಾನರು, ಅತ್ತೆ, ಶಾಲೆ ಬಿಟ್ಟ ಮೇಲೆ ಹತ್ತು ವರ್ಷದ ಮಗಳು, ಅಷ್ಟೇ ಜನ. ಇದು ನಮ್ಮ ನಾಲ್ಕನೇ ಚಳಿಗಾಲ.

ಮೊದಲ ಮೂರು ವರ್ಷ, ಕೊನೆಯ ಡೇಲಿಯಾ ಗಿಡ ಚಳಿಗೆ ಕಪ್ಪಾದ ದಿನವೇ ಕತ್ತರಿ ಒರೆಸಿ ಮೂಲೆಗಿಟ್ಟುಬಿಡುತ್ತಿದ್ದೆವು. ಇನ್ನು ಮೂರು ತಿಂಗಳು ರಜೆ ಅಂತ. ಆ ರಜೆ ಎಷ್ಟು ದುಬಾರಿ ಅಂತ ಗೊತ್ತಾದದ್ದು ಈ ವರ್ಷ ನಾಟಿ ಹೊತ್ತಿಗೆ. 140 ಬುಡ ಡೇಲಿಯಾ ಗಡ್ಡೆ ಕಿತ್ತು ಶೆಡ್ಡಿನಲ್ಲಿ ಇಟ್ಟಿದ್ದೆವು. ತೆಗೆದು ನೋಡಿದರೆ ಅರ್ಧದಷ್ಟು ಕೊಳೆತು ರೊಜ್ಜು, ಉಳಿದದ್ದರಲ್ಲಿ ಬಹಳಷ್ಟು ಒಣಗಿ ಸೌದೆ. ನಾಟಿಗೆ ಸಿಕ್ಕಿದ್ದು 31.

ಈಗ ಮನೆಯಲ್ಲಿ ಎರಡು ಪಕ್ಷ. ಯಜಮಾನರು ಪ್ಲಾಸ್ಟಿಕ್ ಟನಲ್ (ಬಗ್ಗಿಸಿದ ಪೈಪುಗಳ ಮೇಲೆ ಪ್ಲಾಸ್ಟಿಕ್ ಹೊದಿಸಿದ ಮರೆ) ಹಾಕಿ ಚಳಿಯಲ್ಲೂ ಏನಾದರೂ ಬೆಳೆಯೋಣ ಅನ್ನುತ್ತಾರೆ. ಅತ್ತೆ ಮಾತ್ರ "ನೆಲಕ್ಕೂ ಉಸಿರು ಬೇಕು, ನನ್ನ ಮಂಡಿಗೂ ಉಸಿರು ಬೇಕು" ಅಂತ ಒಂದೇ ಮಾತು. ನಾನು ನಡುವೆ. ನೀವೆಲ್ಲ ಚಳಿಗಾಲದಲ್ಲಿ ನಿಜವಾಗಿ ಏನು ಮಾಡುತ್ತೀರಿ? ಫೋಟೋದಲ್ಲಿ ಕಾಣುವುದಲ್ಲ, ದಿನಾ ಮಾಡುವುದು ಹೇಳಿ.

ಹಳೇ ಗುದ್ದಲಿ

ಮೊದಲು ಒಂದು ಹೇಳಮ್ಮ. ನಿಮ್ಮಲ್ಲಿ ಎಷ್ಟು ಚಳಿ? ನೆಲ ಹೆಪ್ಪುಗಟ್ಟುತ್ತದಾ? ಹಗಲು ಎಷ್ಟು ಗಂಟೆ? ಇದು ಗೊತ್ತಿಲ್ಲದೆ ಯಾರು ಏನು ಸಲಹೆ ಕೊಟ್ಟರೂ ಅದು ಅವರ ತೋಟಕ್ಕೆ ಕೊಟ್ಟ ಸಲಹೆ.

ತೇವದ ಮಣ್ಣು

ಸರಿ ಅಣ್ಣ. ಕೆಟ್ಟ ರಾತ್ರಿಗಳಲ್ಲಿ ಸೊನ್ನೆಗಿಂತ ಆರೇಳು ಡಿಗ್ರಿ ಕೆಳಗೆ. ನೆಲದ ಮೇಲಿನ ಎರಡು ಮೂರು ಬೆರಳು ಗಟ್ಟಿಯಾಗುತ್ತದೆ, ಮಧ್ಯಾಹ್ನಕ್ಕೆ ಸಡಿಲ. ಹಿಮ ಬೀಳುವುದು ಎಲ್ಲೋ ಒಂದೆರಡು ಸಲ. ತೀರಾ ಚಿಕ್ಕ ಹಗಲು ಅಂದರೆ ಒಂಬತ್ತೂವರೆ ಗಂಟೆ.

ಹಳೇ ಗುದ್ದಲಿ

ಹಾಗಾದರೆ ನಿಮ್ಮ ತೊಂದರೆ ಚಳಿಗಿಂತ ಜಾಸ್ತಿ ಬೆಳಕಿನದು. ಹಗಲು ಹತ್ತು ಗಂಟೆಗಿಂತ ಕಡಿಮೆಯಾದರೆ ಹೆಚ್ಚಿನ ಗಿಡಗಳು ಸಾಯುವುದೂ ಇಲ್ಲ, ಬೆಳೆಯುವುದೂ ಇಲ್ಲ. ಸುಮ್ನೆ ಕೂತಿರುತ್ತವೆ. ಟನಲ್ ಹಾಕಿದರೆ ನಡುಚಳಿಯಲ್ಲಿ ಬುಟ್ಟಿ ತುಂಬ ಹೂ ಬರುತ್ತದೆ ಅಂತ ನಿಮ್ಮ ಯಜಮಾನರು ಅಂದುಕೊಂಡಿದ್ದರೆ ಆ ಆಸೆ ಬಿಡಲು ಹೇಳಿ. ಟನಲ್ ಕೆಲಸ ಬೇರೆ. ಬೇರು ಬಿಟ್ಟ ಗಿಡವನ್ನು ಅದು ಕಾಯುತ್ತದೆ. ಹಗಲು ಉದ್ದವಾಗಲು ಶುರುವಾದ ತಕ್ಷಣ ಆ ಗಿಡ ಎದ್ದು ಓಡುತ್ತದೆ. ಹೊರಗೆ ಹಾಕಿದವರಿಗಿಂತ ಕೆಲವು ವಾರ ಮುಂಚೆ ನಿಮಗೆ ಹೂ. ಲಾಭ ಇರುವುದು ಅಷ್ಟರಲ್ಲೇ, ಆದರೆ ಅದು ಸಣ್ಣ ಲಾಭ ಅಲ್ಲ.

ಬೆಳೆಗೆ ರನುಂಕುಲಸ್, ಅನಿಮೋನೆ ನೋಡಿ. ಎರಡೂ ತಂಪು ಕೇಳುವ ಗಿಡಗಳು. ರನುಂಕುಲಸ್ ಗಡ್ಡೆ ನೋಡಿದರೆ ಒಣಗಿದ ಜೇಡ ಇದ್ದಂತೆ ಇರುತ್ತದೆ. ತಣ್ಣನೆ ನೀರಿನಲ್ಲಿ ಮೂರು ನಾಲ್ಕು ಗಂಟೆ ನೆನೆಸಿ, ಹೆಚ್ಚುಕಡಿಮೆ ಎರಡರಷ್ಟು ಉಬ್ಬುತ್ತದೆ. ರಾತ್ರಿಯಿಡೀ ನೆನೆಸಬೇಡಿ, ಕೊಳೆಯುತ್ತದೆ. ಆಮೇಲೆ ಒದ್ದೆ ಮಣ್ಣಿನ ಟ್ರೇಯಲ್ಲಿ, 10 ಡಿಗ್ರಿ ಒಳಗಿನ ತಂಪು ಕತ್ತಲಲ್ಲಿ, ಹತ್ತು ಹದಿನಾಲ್ಕು ದಿನ. ಬಿಳಿ ಬೇರು ಕಂಡ ಮೇಲೆ ಜೇಡದ ಕಾಲು ಕೆಳಗಾಗಿ ನೆಡಿ. ನೆಟ್ಟ ಮೇಲೆ ಹೂವಿಗೆ ಸುಮಾರು 90 ದಿನ, ಚಳಿ ನಡುವೆ ಬಂದರೆ ಇನ್ನೂ ಜಾಸ್ತಿ. ನಿಮ್ಮ ಆರೇಳು ಡಿಗ್ರಿಗೆ ಬರೀ ಪ್ಲಾಸ್ಟಿಕ್ ಸಾಲದು. ಒಳಗೆ ಗಿಡದ ಮೇಲೆ ಇನ್ನೊಂದು ತೆಳು ಬಿಳಿ ಬಟ್ಟೆ ಬೇಕು.

ಇನ್ನು ಯಾರೂ ಹೇಳದ ಮಾತು. ಟನಲ್ ಕಟ್ಟುವುದು ಅಂದರೆ ಮನೆಯಲ್ಲಿ ಹಸು ಕಟ್ಟಿದ ಹಾಗೆ. ಬಿಟ್ಟು ಎಲ್ಲೂ ಹೋಗಲಾಗದು. ಹೊರಗೆ 5 ಡಿಗ್ರಿ ಇದ್ದರೂ ಬಿಸಿಲು ಬಿದ್ದ ಒಂದೆರಡು ಗಂಟೆಯಲ್ಲಿ ಒಳಗೆ 25 ದಾಟುತ್ತದೆ. ಬಾಗಿಲು ತೆಗೆಯದಿದ್ದರೆ ಗಿಡ ಬೇಸಿಗೆ ಬಂತು ಅಂದುಕೊಂಡು ಮೆತ್ತಗೆ ಚಿಗುರುತ್ತದೆ, ಅದೇ ರಾತ್ರಿ ಚಳಿ ಅದನ್ನು ಸುಡುತ್ತದೆ. ಒಳಗಿನ ತೇವ ಹೊರಗೆ ಹೋಗದಿದ್ದರೆ ಬೂದು ಬೂಷ್ಟು ಬೇರೆ. ಮೂರು ಗಂಟೆಗೆ, ಬಿಸಿಲು ಇನ್ನೂ ಇರುವಾಗಲೇ ಮುಚ್ಚಬೇಕು. ದಿನಾ ಇದನ್ನು ಯಾರು ಮಾಡುತ್ತಾರೆ ಅನ್ನುವುದನ್ನು ಪೈಪ್ ತರುವ ಮುಂಚೆ ಮನೆಯಲ್ಲಿ ಕೂತು ಮಾತಾಡಿ.

ಸೇವಂತಿ ಸಾಲು

ನೀವೆಲ್ಲ ಮಲಗಿಸುವುದರ ಬಗ್ಗೆ ಮಾತಾಡುತ್ತಿದ್ದೀರಿ, ನನಗೆ ಹೊಟ್ಟೆಕಿಚ್ಚು! ನಮ್ಮ ಕಡೆ ನೀರು ಹೆಪ್ಪುಗಟ್ಟುವ ಚಳಿ ಬರುವುದೇ ಇಲ್ಲ. ನಮಗೆ ಚಳಿಗಾಲವೇ ಸೀಸನ್. ಸೇವಂತಿ ರಾತ್ರಿ ಉದ್ದವಾದಾಗ ಮೊಗ್ಗು ಕಟ್ಟುವ ಗಿಡ ಅಲ್ವಾ.

ಎಲ್ಲ ಸಾಲೂ ಒಟ್ಟಿಗೆ ಅರಳಿಬಿಟ್ಟರೆ ಕುಯ್ಯುವುದು ಯಾರು? ಅದಕ್ಕೆ ಎರಡನೇ ಪಾತಿಯ ಮೇಲೆ ಬಲ್ಬ್ ಎಳೆದಿದ್ದೇವೆ. ರಾತ್ರಿ ಹತ್ತರಿಂದ ಎರಡರವರೆಗೆ ಉರಿಸುತ್ತೇವೆ. ಉದ್ದ ರಾತ್ರಿಯನ್ನು ನಡುವೆ ಕಡಿದರೆ ಗಿಡಕ್ಕೆ ಅದು ಎರಡು ಚಿಕ್ಕ ರಾತ್ರಿ. ಮೊಗ್ಗಿನ ಯೋಚನೆ ಬಿಟ್ಟು ಎತ್ತರ ಬೆಳೆಯುತ್ತದೆ. ಬೇಕಾದ ಎತ್ತರ ಬಂದ ಮೇಲೆ ಬಲ್ಬ್ ಆರಿಸುತ್ತೇವೆ. ಅಲ್ಲಿಂದ ಎಂಟು ಹತ್ತು ವಾರಕ್ಕೆ ಹೂ, ತಳಿ ನೋಡಿಕೊಂಡು. ಈ ಗುಟ್ಟನ್ನು ಮೊದಲು ಬಿಡಿಸಿದ್ದು ಗಾರ್ನರ್ ಮತ್ತು ಅಲ್ಲಾರ್ಡ್ ಅನ್ನುವ ಇಬ್ಬರು, ಅಮೆರಿಕದ ಕೃಷಿ ಇಲಾಖೆಯವರು, 1920ರಲ್ಲಿ ಪ್ರಕಟಿಸಿದರು. ಅವರಿಗೆ ದಾರಿ ತೋರಿಸಿದ್ದು ಹೂವಲ್ಲ, ಬೇಸಿಗೆಯಲ್ಲಿ ಎಷ್ಟು ಎತ್ತರ ಬೆಳೆದರೂ ಹೂ ಬಿಡದ ಒಂದು ಹೊಗೆಸೊಪ್ಪಿನ ತಳಿ.

ನಾವು ಇದನ್ನು ಕಲಿತದ್ದು ಪೆಟ್ಟು ತಿಂದು. ಎರಡು ವರ್ಷ ಒಂದು ಮೂಲೆಯ ಗಿಡಗಳು ಮಾತ್ರ ಹಸಿರಾಗಿ ನಿಂತಿದ್ದವು. ಗೊಬ್ಬರ ಜಾಸ್ತಿಯಾಯಿತು ಅಂದುಕೊಂಡೆವು. ಔಷಧಿ ಹೊಡೆದೆವು. ಕೊನೆಗೆ ಒಂದು ರಾತ್ರಿ ನಮ್ಮ ಮಾವ ಹೊರಗೆ ನಿಂತು ನೋಡಿದರೆ, ಪಕ್ಕದ ಮನೆಯ ಗೇಟಿನ ದೀಪ ಸರಿಯಾಗಿ ಆ ಮೂಲೆಗೇ ಬೀಳುತ್ತಿತ್ತು. ದೀಪಕ್ಕೆ ಒಂದು ತಗಡಿನ ಮರೆ ಕಟ್ಟಿದ ಮೇಲೆ ಆ ವರ್ಷ ಅಲ್ಲೂ ಹೂ.

ದಿನದ ಕೆಲಸ ಕೇಳಿದಿರಿ ಅಕ್ಕ. ಬೆಳಗಿನ ಜಾವ ನಾಲ್ಕಕ್ಕೆ ತಲೆಗೆ ಟಾರ್ಚ್ ಕಟ್ಟಿಕೊಂಡು ಸಾಲಿಗೆ ಇಳಿಯುತ್ತೇವೆ. ಇಬ್ಬನಿ ಎಷ್ಟಿರುತ್ತದೆ ಅಂದರೆ ಮೊಣಕೈವರೆಗೆ ತೋಯ್ದುಹೋಗುತ್ತದೆ. ಒದ್ದೆ ಹೂವನ್ನು ಹಾಗೇ ಚೀಲಕ್ಕೆ ತುಂಬಿದರೆ ಒಳಗೆ ಬಿಸಿಯಾಗಿ ಎಸಳು ಕಂದುತ್ತದೆ. ಅದಕ್ಕೆ ಮೊದಲು ಹಾಲ್‌ನಲ್ಲಿ ಬಟ್ಟೆ ಹಾಸಿ ತೆಳ್ಳಗೆ ಹರಡಿ ಫ್ಯಾನ್ ಹಾಕುತ್ತೇವೆ. ಚಳಿಯಲ್ಲಿ ಫ್ಯಾನ್ ಹಾಕಿಕೊಂಡು ಅದರ ಕೆಳಗೆ ನಡುಗುತ್ತಾ ಕೂರುವ ಜನ ನಾವೇ ಇರಬೇಕು. ಹೋದ ವರ್ಷ ಅವಸರದಲ್ಲಿ ಒದ್ದೆಯಾಗಿಯೇ ಕಳಿಸಿದ್ದೆ. ಕೊಳ್ಳುವವರು ಅರ್ಧ ವಾಪಸ್ ಕಳಿಸಿದರು. ಅವರದ್ದು ತಪ್ಪು ಅನ್ನಲಾರೆ, ಹೂವೇ ಹಾಗಿತ್ತು.

ಗುಲಾಬಿಯೂ ಇದೆ ಒಂದಿಷ್ಟು. ಚಳಿಯಲ್ಲಿ ಮೊಗ್ಗು ನಿಧಾನ, ಆದರೆ ಬಣ್ಣ ಗಾಢ, ಹೂ ದಪ್ಪ. ಮಲ್ಲಿಗೆ ಸುಮ್ಮನಿರುತ್ತದೆ, ಅದನ್ನು ಸವರಿ ಬಿಡುತ್ತೇವೆ.

ಗಡ್ಡೆ ಪೆಟ್ಟಿಗೆ

ನನಗೆ ಆ 109 ಡೇಲಿಯಾ ಗಡ್ಡೆಗಳದ್ದೇ ಚಿಂತೆ. ತೇವದ ಮಣ್ಣು ಅವರೇ, ಹೇಗೆ ಇಟ್ಟಿದ್ದಿರಿ? ತೊಳೆದಿದ್ದಿರಾ? ಯಾವುದರಲ್ಲಿ? ಮಧ್ಯೆ ಎಷ್ಟು ಸಲ ನೋಡಿದಿರಿ?

ತೇವದ ಮಣ್ಣು

ತೊಳೆದು, ಅದೇ ಸಂಜೆ ಅರ್ಧವನ್ನು ಪ್ಲಾಸ್ಟಿಕ್ ಚೀಲಕ್ಕೆ ಕಟ್ಟಿಟ್ಟೆ. ಚೀಲ ಸಾಲಲಿಲ್ಲ ಅಂತ ಉಳಿದರ್ಧ ತೆರೆದ ಬುಟ್ಟಿಯಲ್ಲಿ. ಮಧ್ಯೆ ನೋಡಿದ್ದು... ಇಲ್ಲ. ಒಮ್ಮೆಯೂ ಇಲ್ಲ.

ಗಡ್ಡೆ ಪೆಟ್ಟಿಗೆ

ಉತ್ತರ ನೀವೇ ಹೇಳಿಬಿಟ್ಟಿರಿ. ಚೀಲದ್ದು ಕೊಳೆಯಿತು, ಬುಟ್ಟಿಯದ್ದು ಒಣಗಿತು. ಎರಡೂ ಸಾವು ಒಂದೇ ಶೆಡ್ಡಿನಲ್ಲಿ. ಬೇಜಾರು ಮಾಡಿಕೊಳ್ಳಬೇಡಿ, ಮೊದಲ ಸಲ ನಾನು ಎಲ್ಲವನ್ನೂ ಕಳೆದುಕೊಂಡಿದ್ದೆ. ನಿಮಗೆ 31 ಆದರೂ ಉಳಿಯಿತು.

ನಾನು ಈಗ ಮಾಡುವುದು ಹೀಗೆ. ಚಳಿಗೆ ಎಲೆ ಕಪ್ಪಾದ ಮೇಲೆ ಕಾಂಡವನ್ನು ಗೇಣುದ್ದ ಬಿಟ್ಟು ಕತ್ತರಿಸುತ್ತೇನೆ. ಒಂದು ವಾರ ಬಿಟ್ಟು ಅಗೆಯುತ್ತೇನೆ. ಆ ವಾರದಲ್ಲಿ ಕಣ್ಣುಗಳು, ಅಂದರೆ ಚಿಗುರು ಒಡೆಯುವ ಜಾಗಗಳು, ಸ್ವಲ್ಪ ಉಬ್ಬಿ ಕಾಣಿಸುತ್ತವೆ, ಭಾಗ ಮಾಡುವಾಗ ಸುಲಭ. ಅಗೆಯುವಾಗ ಕಾಂಡ ಹಿಡಿದು ಎಳೆಯಲೇಬಾರದು. ಗಡ್ಡೆಗೆ ಒಂದು ಸಣ್ಣ ಕತ್ತು ಇರುತ್ತದೆ, ಅದು ಮುರಿದರೆ ಮುಗಿಯಿತು. ಕಣ್ಣು ಇರುವುದು ಗಡ್ಡೆಯ ಹೊಟ್ಟೆಯಲ್ಲಿ ಅಲ್ಲ, ಕತ್ತು ಕಾಂಡಕ್ಕೆ ಸೇರುವ ಜಾಗದಲ್ಲಿ. ಆಲೂಗಡ್ಡೆ ತರಹ ಎಲ್ಲಿ ಕತ್ತರಿಸಿದರೂ ಚಿಗುರುತ್ತದೆ ಅಂದುಕೊಂಡು ಎಷ್ಟು ಜನ ಮೋಸ ಹೋಗಿಲ್ಲ! ಕಣ್ಣಿಲ್ಲದ ಗಡ್ಡೆ ತೋಳಿನಷ್ಟು ದಪ್ಪ ಇದ್ದರೂ ಗೊಬ್ಬರದ ಗುಂಡಿಗೇ.

ತೊಳೆದ ಮೇಲೆ ನೆರಳಿನಲ್ಲಿ ಒಂದೆರಡು ದಿನ ಆರಬೇಕು. ಕತ್ತರಿಸಿದ ಬಾಯಿ ಒಣಗಿ ಚಕ್ಕೆಯಂತೆ ಆಗಬೇಕು, ಗಡ್ಡೆ ಮಾತ್ರ ಸುಕ್ಕಾಗಬಾರದು. ಆಮೇಲೆ ಪೆಟ್ಟಿಗೆಯಲ್ಲಿ ವರ್ಮಿಕ್ಯುಲೈಟ್ (ತೇವ ಹಿಡಿದಿಡುವ ಹಗುರ ಖನಿಜದ ಚೂರು) ಅಥವಾ ಮರದ ಹೊಟ್ಟು, ಒಂದು ಪದರ ಗಡ್ಡೆ, ಮತ್ತೆ ಹೊಟ್ಟು. ಒಂದಕ್ಕೊಂದು ತಾಗಬಾರದು. ಒಂದು ಕೊಳೆತರೆ ಪಕ್ಕದ್ದನ್ನೂ ಕರೆದುಕೊಂಡು ಹೋಗುತ್ತದೆ. ಜಾಗ 4ರಿಂದ 10 ಡಿಗ್ರಿ. ಸೊನ್ನೆಗೆ ಇಳಿಯುವ ಗೋಡೆಗೆ ಒತ್ತಿ ಇಡಬೇಡಿ.

ಎಲ್ಲಕ್ಕಿಂತ ಮುಖ್ಯ, ತಿಂಗಳಿಗೊಮ್ಮೆ ಪೆಟ್ಟಿಗೆ ತೆರೆಯಿರಿ. ಕೈಯಾಡಿಸಿ. ಸುಕ್ಕಾಗಿದ್ದರೆ ಹೊಟ್ಟಿಗೆ ಒಂದು ಚಿಮುಕು ನೀರು. ಮೆತ್ತಗಿದ್ದರೆ ಆ ಭಾಗ ಕತ್ತರಿಸಿ ಎಸೆದು, ಉಳಿದದ್ದನ್ನು ಆರಿಸಿ ಮತ್ತೆ ಇಡಿ. ಮೂಗನ್ನೂ ಬಳಸಿ. ಕೊಳೆತ ಗಡ್ಡೆ ಕಣ್ಣಿಗೆ ಕಾಣುವ ಮುಂಚೆ ವಾಸನೆಗೆ ಸಿಗುತ್ತದೆ. ಈ ಕೆಲಸಕ್ಕೆ ಮಂಡಿ ಬಗ್ಗಿಸಬೇಕಿಲ್ಲ, ಅತ್ತೆಯವರು ಬಿಸಿಲಲ್ಲಿ ಕುರ್ಚಿ ಹಾಕಿಕೊಂಡು ಮಾಡಬಹುದು. ಸುಮ್ನೆ ಹೇಳಿದೆ.

ಇನ್ನೊಂದು. ಹೆಸರನ್ನು ಗಡ್ಡೆಯ ಮೇಲೇ ಮಾರ್ಕರ್‌ನಿಂದ ಬರೆಯಿರಿ. ಚೀಟಿ ನಂಬಬೇಡಿ. ಒಂದು ವರ್ಷ ನನ್ನ ಚೀಟಿಗಳೆಲ್ಲ ಒದ್ದೆಯಾಗಿ ಅಳಿಸಿಹೋದವು. ಆ ಬೇಸಿಗೆ ನನ್ನ ತೋಟದಲ್ಲಿ ಇದ್ದದ್ದು ಎರಡೇ ತಳಿ: "ಯಾವುದೋ ಕೆಂಪು" ಮತ್ತು "ಕೆಂಪಲ್ಲದ್ದು".

ಹಿಮದ ಬೇಲಿ

ಗಡ್ಡೆ ಅಂದ ಮೇಲೆ ಒಂದು ಎಚ್ಚರಿಕೆ. ಟುಲಿಪ್ ಗಡ್ಡೆ ಮತ್ತು ಸೇಬು ಒಂದೇ ಫ್ರಿಜ್‌ನಲ್ಲಿ ಇಡಬೇಡಿ. ಹಣ್ಣು ಮಾಗುವಾಗ ಬಿಡುವ ಎಥಿಲಿನ್ ಗಾಳಿಗೆ ಗಡ್ಡೆಯೊಳಗಿನ ಹೂಮೊಗ್ಗು ಸತ್ತುಹೋಗುತ್ತದೆ. ಹೊರಗಿನಿಂದ ಏನೂ ಗೊತ್ತಾಗುವುದಿಲ್ಲ. ಹೂ ಬಿಡಲು ಟುಲಿಪ್‌ಗೆ ಬೇಕಾದ ತಂಪನ್ನು ಫ್ರಿಜ್‌ನಲ್ಲಿಟ್ಟು 14 ವಾರ ಕೊಟ್ಟೆ, ನೆಟ್ಟೆ, ಎಲೆ ಬಂತು, ಹೂ ಬರಲಿಲ್ಲ. ಈ ಎಥಿಲಿನ್ ಎಂಥ ಕಿಲಾಡಿ ಅಂತ ಮೊದಲು ಹಿಡಿದದ್ದು ನೆಲ್ಯುಬೋವ್ ಅನ್ನುವ ರಷ್ಯಾದ ವಿದ್ಯಾರ್ಥಿ, 1901ರಲ್ಲಿ. ದೀಪಕ್ಕೆ ಉರಿಸುವ ಗ್ಯಾಸ್ ತಾಗಿ ಅವನ ಬಟಾಣಿ ಸಸಿಗಳು ಸೊಟ್ಟಗೆ ಬೆಳೆಯುತ್ತಿದ್ದವಂತೆ. ನನ್ನ ಮನೆಯಲ್ಲಿ ಹಿಡಿದದ್ದು ನನ್ನ ಹೆಂಡತಿ, ಐದು ನಿಮಿಷದಲ್ಲಿ. "ಮೇಲಿನ ಅರೆಯಲ್ಲಿ ಹಣ್ಣು ಇಟ್ಟಿದ್ದು ನೀವೇ ತಾನೇ?" ಅಂದಳು.

ಟನಲ್ ಬಗ್ಗೆ ಒಂದು ಲೆಕ್ಕ ಹೇಳುತ್ತೇನೆ. ನಮ್ಮಲ್ಲಿ ಹಿಮ ಜಾಸ್ತಿ. ಹೊಸದಾಗಿ ಬಿದ್ದ 10 ಸೆಂಟಿಮೀಟರ್ ಹಿಮ ಕರಗಿದರೆ ಸುಮಾರು 1 ಸೆಂಟಿಮೀಟರ್ ನೀರು. ಅಂದರೆ ಒಂದು ಚದರ ಮೀಟರಿಗೆ 10 ಕೆಜಿ. 5 ಮೀಟರ್ ಅಗಲ, 20 ಮೀಟರ್ ಉದ್ದದ ಟನಲ್ ಮೇಲೆ ಒಂದು ಟನ್. ಒದ್ದೆ ಹಿಮವಾದರೆ ಇನ್ನೂ ಭಾರ. ಅದಕ್ಕೇ ರಾತ್ರಿ ಎರಡಕ್ಕೆ ಎದ್ದು ಪೊರಕೆ ಹಿಡಿದು ಹೊರಗೆ ಹೋಗುವುದು. ಒಳಗಿನಿಂದ ಮೆಲ್ಲಗೆ ತಟ್ಟಿದರೆ ಜಾರುತ್ತದೆ. ಒಂದು ವರ್ಷ "ಬೆಳಿಗ್ಗೆ ನೋಡೋಣ" ಅಂತ ಮಲಗಿದೆ. ಬೆಳಿಗ್ಗೆ ನೋಡಿದೆ. ಪೈಪುಗಳು ನೆಲಕ್ಕೆ ಮಂಡಿಯೂರಿದ್ದವು.

ತಮಾಷೆ ಅಂದರೆ, ಅದೇ ಹಿಮ ಹೊರಗೆ ನೆಟ್ಟ ಗಿಡಗಳಿಗೆ ಕಂಬಳಿ. ಅದರ ಕೆಳಗೆ ಮಣ್ಣು ಅಷ್ಟು ತಣ್ಣಗಾಗುವುದಿಲ್ಲ. ಹಿಮ ಇಲ್ಲದ ಬರೀ ಚಳಿಗೇ ನನ್ನ ಗಿಡಗಳು ಜಾಸ್ತಿ ಸತ್ತಿವೆ.

ಹಳೇ ಗುದ್ದಲಿ

ಹಿಮದ ಬೇಲಿಯವರು ಹೇಳಿದ್ದಕ್ಕೆ ಸೇರಿಸುತ್ತೇನೆ. ಮೋಡ ಇಲ್ಲ, ಗಾಳಿ ಇಲ್ಲ, ನಕ್ಷತ್ರ ಫಳಫಳ ಅನ್ನುತ್ತಿದೆ ಅಂದರೆ ಹೆದರಬೇಕಾದ ರಾತ್ರಿ ಅದು. ನೆಲದ ಬಿಸಿ ಎಲ್ಲ ಆಕಾಶಕ್ಕೆ ಹೋಗುತ್ತದೆ. ತಣ್ಣನೆ ಗಾಳಿ ನೀರಿನಂತೆ ಇಳಿಜಾರಿನಲ್ಲಿ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ನಿಮ್ಮ ಅರ್ಧ ಎಕರೆಯಲ್ಲೇ ತಗ್ಗಿನ ಪಾತಿಗೂ ದಿಬ್ಬದ ಪಾತಿಗೂ ಎರಡು ಡಿಗ್ರಿ ವ್ಯತ್ಯಾಸ ಬರಬಹುದು. ಟನಲ್ ಹಾಕುವುದಾದರೆ ತಗ್ಗು ಬಿಡಿ. ಅಂಥ ರಾತ್ರಿಯ ಹಿಂದಿನ ಮಧ್ಯಾಹ್ನ ಮಣ್ಣಿಗೆ ನೀರು ಕೊಡಿ, ಒದ್ದೆ ಮಣ್ಣು ಹಗಲಿನ ಬಿಸಿಯನ್ನು ಹೆಚ್ಚು ಹಿಡಿದಿಡುತ್ತದೆ. ಹೊದಿಸುವುದಾದರೆ ಬಟ್ಟೆ. ಪ್ಲಾಸ್ಟಿಕ್ ಎಲೆಗೆ ತಾಗಿದ ಕಡೆಯೆಲ್ಲ ಸುಡುತ್ತದೆ.

ಡ್ರಿಪ್ ಪೈಪಿನ ನೀರನ್ನು ಈಗಲೇ ಖಾಲಿ ಮಾಡಿ. ಫಿಲ್ಟರ್ ಬಿಚ್ಚಿ ಮನೆಯೊಳಗೆ ಇಡಿ. ಒಂದು ರಾತ್ರಿಗೆ ಒಡೆಯುತ್ತದೆ.

ಬೀಜದ ಡಬ್ಬಿ

ನಾನು ಅತ್ತೆಯವರ ಪಕ್ಷ. ಟನಲ್ ಇಲ್ಲ ನಮ್ಮಲ್ಲಿ, ಹಾಕುವುದೂ ಇಲ್ಲ. ಬೇಸಿಗೆಯಲ್ಲಿ ಗಂಡ ಹೆಂಡತಿ ಮಾತಾಡುವುದೇ "ಬಕೆಟ್ ಎಲ್ಲಿ", "ರಬ್ಬರ್ ಬ್ಯಾಂಡ್ ಎಲ್ಲಿ" ಅಂತ. ನಾಲ್ಕು ತಿಂಗಳು ಹಾಗೆ ಇದ್ದವರು ಇನ್ನೂ ನಾಲ್ಕು ತಿಂಗಳು ಹಾಗೇ ಇರಬೇಕಾ? ತೋಟ ಚಿಕ್ಕದು ಅಂದ ಮಾತ್ರಕ್ಕೆ ಸುಸ್ತು ಚಿಕ್ಕದಲ್ಲ.

ಹಾಗಂತ ನಿದ್ದೆ ಮಾಡುವುದಿಲ್ಲ. ಮೇಜಿನ ಕೆಲಸ ಮಾಡುತ್ತೇವೆ. ವರ್ಷವಿಡೀ ನೋಟ್‌ಬುಕ್‌ನಲ್ಲಿ ಗೀಚಿದ್ದನ್ನು ಬಿಡಿಸಿ ಓದುತ್ತೇವೆ. ಯಾವ ಸಾಲಿನಿಂದ ಎಷ್ಟು ಕಡ್ಡಿ ಹೂ ಬಂತು, ಎಷ್ಟು ಉಳಿದು ಒಣಗಿತು. ಪ್ರತಿ ವರ್ಷ ಮೂರು ತಳಿ ಬಿಡುವುದು ಅಂತ ನಮ್ಮ ಮನೆಯ ನಿಯಮ. ಇದು ಕಷ್ಟದ ಸಂಜೆ. ನನಗೆ ಇಷ್ಟವಾದದ್ದು ಯಾರಿಗೂ ಬೇಕಿರುವುದಿಲ್ಲ.

ಬೀಜ ಬಿತ್ತುವುದು ಕಿಟಕಿ ಪಕ್ಕದ ಕಪಾಟಿನಲ್ಲಿ, ಟ್ಯೂಬ್‌ಲೈಟ್ ಕೆಳಗೆ. ಲಿಸಿಯಾಂಥಸ್ ನಡುಚಳಿಯಲ್ಲೇ ಹಾಕಬೇಕು, ಬಿತ್ತನೆಯಿಂದ ಹೂವಿಗೆ ಐದಾರು ತಿಂಗಳು ಬೇಕು. ಬೀಜ ಧೂಳಿನಂತೆ ಇರುತ್ತದೆ. ಮೇಲೆ ಮಣ್ಣು ಮುಚ್ಚಬಾರದು, ಮೊಳೆಯಲು ಬೆಳಕು ಬೇಕು. ಸೀನಿದರೆ ಅರ್ಧ ಪ್ಯಾಕೆಟ್ ಹೋಯಿತು. ಎರಡು ತಿಂಗಳಾದರೂ ಸಸಿ ಉಗುರಿನಷ್ಟೇ ಇರುತ್ತದೆ, ಸತ್ತಿದೆ ಅಂತ ಎಸೆಯಬೇಡಿ. ಲಾರ್ಕ್‌ಸ್ಪರ್ ಬೀಜಕ್ಕೆ ತಂಪು ಬೇಕು, ಎರಡು ವಾರ ಫ್ರಿಜ್‌ನಲ್ಲಿಟ್ಟು ಬಿತ್ತುತ್ತೇವೆ. ಸ್ವೀಟ್ ಪೀ ಬೀಜದ ಮೇಲೆ ಜಾಲರಿ ಹಾಕಿ. ನಮ್ಮ ಮನೆಯ ಇಲಿ ಒಂದೇ ರಾತ್ರಿಯಲ್ಲಿ 60 ಬೀಜ ಎತ್ತಿಕೊಂಡು ಹೋಗಿ, ನನ್ನ ಹಳೇ ಗಮ್‌ಬೂಟಿನೊಳಗೆ ಜೋಡಿಸಿಟ್ಟಿತ್ತು. ಬೂಟು ಹಾಕಿಕೊಂಡಾಗ ಸಿಕ್ಕಿತು.

ಸೇವಂತಿ ಸಾಲು

ಆ ಬೀಜ ಬಿತ್ತಿದಿರಾ?

ಬೀಜದ ಡಬ್ಬಿ

ಮತ್ತೆ? ಬಿಡುತ್ತೇನಾ! 41 ಮೊಳೆತವು.

ತೇವದ ಮಣ್ಣು (ಐದು ವಾರದ ನಂತರ)

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ನೀವು ಬರೆದದ್ದನ್ನೆಲ್ಲ ಒಂದು ರಾತ್ರಿ ಮನೆಯಲ್ಲಿ ಜೋರಾಗಿ ಓದಿದೆ. "ಹಸು ಕಟ್ಟಿದ ಹಾಗೆ" ಅನ್ನುವ ಸಾಲಿಗೆ ಯಜಮಾನರು ಸುಮ್ಮನಾದರು. ಮಂಡಿಯೂರಿದ ಪೈಪಿನ ಕಥೆಗೆ ಪೂರ್ತಿ ಸುಮ್ಮನಾದರು.

ದೊಡ್ಡ ಟನಲ್ ಕೈಬಿಟ್ಟೆವು. ದಿಬ್ಬದ ಮೇಲಿನ ಎರಡು ಪಾತಿಗೆ ಮಾತ್ರ ಸೊಂಟದೆತ್ತರದ ಕಮಾನು, ಮೇಲೆ ಪ್ಲಾಸ್ಟಿಕ್, ಒಳಗೆ ಬಟ್ಟೆ. 300 ರನುಂಕುಲಸ್ ನೆನೆಸಿದೆವು. ಮಗಳು ಪ್ರತಿ ಅರ್ಧ ಗಂಟೆಗೆ ಬಂದು ಜೇಡ ಉಬ್ಬಿತಾ ಅಂತ ನೋಡುತ್ತಿದ್ದಳು. 22 ಕೊಳೆತವು, ಉಳಿದವು ಮಣ್ಣಿನಲ್ಲಿವೆ. ಎಲೆ ಕಾಸಿನಗಲ ಆಗಿದೆ, ಅಲ್ಲಿಗೇ ನಿಂತಿದೆ. ಬೆಳಕು ಕಮ್ಮಿ ಅಂತ ಈಗ ಗೊತ್ತಿರುವುದರಿಂದ ಗೊಬ್ಬರ ಸುರಿಯಲು ಹೋಗಿಲ್ಲ.

31 ಡೇಲಿಯಾ ಈ ಬೇಸಿಗೆಗೆ ದೊಡ್ಡ ಬುಡಗಳಾಗಿದ್ದವು. ಭಾಗ ಮಾಡಿದ ಮೇಲೆ ಕಣ್ಣು ಕಂಡದ್ದು 118. ಆರು ಪೆಟ್ಟಿಗೆ. ಮರದ ಹೊಟ್ಟು, ಒಂದಕ್ಕೊಂದು ತಾಗದ ಹಾಗೆ. ಹೆಸರು ಬರೆದದ್ದು ಮಗಳು, ಕೆಲವಕ್ಕೆ ಹೆಸರಿನ ಜೊತೆ ಕಣ್ಣು ಮೂಗು ಕೂಡ ಬರೆದಿದ್ದಾಳೆ. ಶೆಡ್ಡಿನ ಉತ್ತರದ ಗೋಡೆಯಿಂದ ದೂರ, ಮೆಟ್ಟಿಲ ಕೆಳಗೆ ಇಟ್ಟಿದ್ದೇವೆ. ಅಲ್ಲಿ ಒಂದು ಥರ್ಮಾಮೀಟರ್, ಈಗ 7 ತೋರಿಸುತ್ತಿದೆ.

ಗಡ್ಡೆ ಪೆಟ್ಟಿಗೆಯವರೇ, ನಿಮ್ಮ ಮಾತು ಅತ್ತೆಗೆ ನಾಟಿತು. ತಿಂಗಳಿಗೊಮ್ಮೆ ಅಂದಿದ್ದಿರಿ, ಅವರು ವಾರಕ್ಕೊಮ್ಮೆ ತೆರೆಯುತ್ತಾರೆ. ಬಿಸಿಲಿಗೆ ಕುರ್ಚಿ, ತೊಡೆ ಮೇಲೆ ಗೋಣಿ, ಒಂದೊಂದನ್ನೂ ಎತ್ತಿ ಮೂಸಿ ಇಡುವುದು. ನಿನ್ನೆ ಮೂರನೇ ಪೆಟ್ಟಿಗೆಯಲ್ಲಿ ನನಗೇನೂ ಕಾಣಲಿಲ್ಲ. ಅವರು ಮೂಸಿ ಒಂದನ್ನು ಎತ್ತಿ ಪಕ್ಕಕ್ಕಿಟ್ಟರು. ಕೊಯ್ದು ನೋಡಿದರೆ ಒಳಗೆ ಕಂದು. "ಉಸಿರು ಬೇಕು ಅಂದಿದ್ದಿರಲ್ಲ" ಅಂತ ಕೇಳಿದೆ. "ಇದು ಕೆಲಸ ಅಲ್ಲ, ವಿಚಾರಿಸಿಕೊಳ್ಳುವುದು" ಅಂದರು.

ಹನ್ನೊಂದು ಗಂಟೆಯಾಯಿತು, ಬಿಸಿಲು ಪಾತಿಗೆ ಬಿದ್ದಿದೆ. ಹೋಗಿ ಪ್ಲಾಸ್ಟಿಕ್ ಅಂಚು ಎತ್ತಿ ಬರುತ್ತೇನೆ.

ಹಳೇ ಗುದ್ದಲಿ

ಹೋಗಿ ಬನ್ನಿ. ಮೂರು ಗಂಟೆಗೆ ಮುಚ್ಚುವುದು ಯಾರ ಪಾಳಿ?

ತೇವದ ಮಣ್ಣು

ಯಜಮಾನರದ್ದು. ಫೋನಿನಲ್ಲಿ ಅಲಾರಂ ಇಟ್ಟುಕೊಂಡಿದ್ದಾರೆ, ಅದಕ್ಕೆ "ಹಸು" ಅಂತ ಹೆಸರು.